ಬಾಗಿಲಿಗೆ ಬಂದ ಐದನೇ ಕಲ್ಲು

ಬಡಗಿ ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ಬೀದಿ ಕಾಣಲಿಲ್ಲ. ಬೀದಿ ಇರಬೇಕಾದ ಜಾಗದಲ್ಲಿ ಒಂದು ಗೋಡೆ ನಿಂತಿತ್ತು. ನಿದ್ದೆಗಣ್ಣಿರಬೇಕು ಎಂದುಕೊಂಡು ಬಾಗಿಲು ಹಾಕಿ, ಮುಖ ತೊಳೆದು ಬಂದು, ಮತ್ತೆ ತೆಗೆದ. ಗೋಡೆ ಕದಲಿರಲಿಲ್ಲ. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು.

“ಏ, ಬಾ ಇಲ್ಲಿ. ನಮ್ಮನೆ ಮುಂದೆ ಏನೋ ಬಂದಿದೆ.”

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಹೊಸ್ತಿಲಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಅಡ್ಡಡ್ಡವಾಗಿ ತೂರಿ ಆಚೆ ಹೋದಳು. ಉತ್ತರ ಆಚೆಯಿಂದಲೇ ಬಂತು.

“ಕಲ್ಲು ಕಣ್ರೀ. ಮೇಲೆ ನೀಲಿ ಬಟ್ಟೆ ಮುಚ್ಚಿದಾರೆ. ಎಲೆಕ್ಷನ್ ಬಂತು ಅಂತ ಕಾಣತ್ತೆ.”

ಆ ಬೀದಿಗೆ ಅಡಿಗಲ್ಲು ಹೊಸದಲ್ಲ. ಶಾಸಕರ ರಾಜಕೀಯ ಜೀವನ ತಿಳಿಯಬೇಕೆಂದವರು ಬಡಗಿಯ ಮನೆಯ ಅಕ್ಕಪಕ್ಕ ಒಂದು ಸುತ್ತು ನಡೆದರೆ ಸಾಕಿತ್ತು. ಮೊದಲನೇ ಕಲ್ಲು ಅವರು ಸೈಕಲ್ಲಿನಲ್ಲಿ ಓಡಾಡಿ ಗೆದ್ದ ಹೊಸದರದ್ದು, ಚರಂಡಿಗೆ ಇಟ್ಟದ್ದು. ಎರಡನೆಯದು ಜೀಪು ಬಂದ ಮೇಲಿನದು, ರಸ್ತೆಗೆ. ಮೂರನೆಯದನ್ನು ಬೀದಿದೀಪಕ್ಕೆಂದು ಇಟ್ಟು ಸಿಮೆಂಟು ಒಣಗುವಷ್ಟರಲ್ಲಿ ಅವರು ಪಕ್ಷ ಬದಲಿಸಿದ್ದರು. ಹಳೇ ಪಕ್ಷದ ಗುರುತನ್ನು ಉಳಿಯಿಂದ ಕೆತ್ತಿ ತೆಗೆದ ಗಾಯ ಇನ್ನೂ ಮಾಸಿರಲಿಲ್ಲ. ನಾಲ್ಕನೆಯದು ಅವರು ಸೋತು, ಸಭೆಯಲ್ಲಿ ಅತ್ತು, ಮತ್ತೆ ಗೆದ್ದು, ಸ್ವಲ್ಪ ಕಾಲ ಮಂತ್ರಿಯೂ ಆಗಿದ್ದಾಗಿನದು. ಅದು ‘ಸಮಗ್ರ ಅಭಿವೃದ್ಧಿ’ಗೆ ಇಟ್ಟದ್ದಾದ್ದರಿಂದ ಎಲ್ಲಕ್ಕಿಂತ ದೊಡ್ಡದು.

ಚರಂಡಿ, ರಸ್ತೆ, ದೀಪ, ಅಭಿವೃದ್ಧಿ ಯಾವುದೂ ಬರಲಿಲ್ಲ. ಬಂದ ಕಲ್ಲುಗಳು ಮಾತ್ರ ಸುಮ್ಮನೆ ಕೂರದೆ ತಮ್ಮ ಪಾಡಿಗೆ ಒಂದೊಂದು ಕೆಲಸ ಹಿಡಿದುಕೊಂಡವು. ಚರಂಡಿಯ ಕಲ್ಲಿನ ಮೇಲೆ ಬಟ್ಟೆ ಒಣಗುತ್ತಿತ್ತು. ರಸ್ತೆಯ ಕಲ್ಲಿನ ಮೇಲೆ ನಿವೃತ್ತ ಗುಮಾಸ್ತರೊಬ್ಬರು ಕೂತು ಪೇಪರು ಓದುತ್ತಿದ್ದರು. ಯಾವ ಮಾತಿಗೂ ಒಂದು ನಿಯಮ ಹೇಳುತ್ತಿದ್ದುದರಿಂದ ಬೀದಿಯವರು ಅವರನ್ನು ‘ಕಾನೂನು ಮಾವ’ ಎಂದು ಕರೆಯುತ್ತಿದ್ದರು. ದೀಪದ ಕಲ್ಲನ್ನು ಒಂದು ಕುಂಟ ನಾಯಿ ತನ್ನದಾಗಿಸಿಕೊಂಡಿತ್ತು. ಅಭಿವೃದ್ಧಿಯ ಕಲ್ಲು ಮಕ್ಕಳ ಕ್ರಿಕೆಟ್ಟಿಗೆ ವಿಕೆಟ್ಟಾಗಿತ್ತು. ಐದನೆಯದಕ್ಕೆ ಬೇರೆ ಜಾಗ ಉಳಿದಿರಲಿಲ್ಲ. ಉಳಿದದ್ದು ಬಡಗಿಯ ಬಾಗಿಲೊಂದೇ.

ಬೇರೆ ದಿನವಾಗಿದ್ದರೆ ಬಡಗಿ ಇದನ್ನೂ ನುಂಗಿಕೊಳ್ಳುತ್ತಿದ್ದ. ಅವನು ಜಗಳಕ್ಕೆ ಹೋದವನಲ್ಲ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ, ಕಾಲು ಅಲ್ಲಿಟ್ಟದ್ದಕ್ಕೆ ತಾನೇ ಕ್ಷಮೆ ಕೇಳುವ ಪೈಕಿ. ಆದರೆ ಅವನ ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಹಿಂದಿನ ಬಾಗಿಲು ಬೆಕ್ಕು ಓಡಾಡುವಷ್ಟು ಅಗಲದ ಸಂದಿಗೆ ತೆರೆಯುತ್ತಿತ್ತು. ಹಲಗೆ ಒಳಗೆ ಬರುವುದು, ಮಂಚ ಹೊರಗೆ ಹೋಗುವುದು ಎಲ್ಲ ಈ ಬಾಗಿಲಿನಿಂದಲೇ. ಒಂದು ವಿದ್ಯಾರ್ಥಿನಿಲಯದ ಮಂಚಗಳೆಲ್ಲ ಈ ತಿಂಗಳು ಅವನ ಕೈಯಿಂದಲೇ ಆಗಬೇಕಿತ್ತು. ಬಾಗಿಲು ಮುಚ್ಚಿದರೆ ಒಲೆ ಮುಚ್ಚಿದ ಹಾಗೆ.

ಅದಕ್ಕಿಂತ ದೊಡ್ಡ ಪೇಚು ಕೋಣೆಯ ನಡುವೆ ಪಾಲಿಷಿನಲ್ಲಿ ಫಳಫಳ ಹೊಳೆಯುತ್ತ ನಿಂತಿತ್ತು. ಅದು ಶಾಸಕರ ಪೋಡಿಯಂ.

ಶಾಸಕರ ಬಲಗೈ ಎಂದೇ ಹೆಸರಾದ ಹಿಂಬಾಲಕನೊಬ್ಬ ಹಿಂದಿನ ವಾರ ಬಂದು ಅದನ್ನು ಮಾಡಲು ಹೇಳಿದ್ದ. ಭಾಷಣ ಮಾಡುವಾಗ ಶಾಸಕರು ಹಿಂದೆ ನಿಲ್ಲಲು, ತೇಗದ ಮರದ್ದು, ಬೀರುವಿನಷ್ಟು ಅಗಲದ್ದು. ಆಮೇಲೆ ಬಾಗಿಲು ಹಾಕಿಸಿ ಬಡಗಿಯ ಕಿವಿಯಲ್ಲಿ ಹೇಳಿದ್ದ. “ಹಿಂದೆ ಒಂದು ಮೆಟ್ಟಿಲು ಬೇಕು ಮೇಸ್ತ್ರಿ. ಜನಕ್ಕೆ ಕಾಣಬಾರದು. ಅಣ್ಣ ಅದರ ಮೇಲೆ ನಿಂತ್ಕೋತಾರೆ. ಮೆಟ್ಟಿಲು ಅನ್ನೋ ಮಾತು ನಿನ್ನ ಬಾಯಿಂದ ಆಚೆ ಬಂತೋ, ನೋಡ್ಕೋ.”

ಬಡಗಿಗೆ ಆಗ ಅರ್ಥವಾಗಿತ್ತು. ಪೋಸ್ಟರುಗಳಲ್ಲಿ ಶಾಸಕರು ಯಾವಾಗಲೂ ಒಬ್ಬರೇ ನಿಂತಿರುತ್ತಿದ್ದರು. ಪಕ್ಕದಲ್ಲಿ ಒಂದು ಗಿಡವೂ ಇರುತ್ತಿರಲಿಲ್ಲ.

ಈಗ ಆ ಪೋಡಿಯಂ ಮಧ್ಯಾಹ್ನದ ಸಭೆಗೆ ಹೋಗಬೇಕು. ಸಭೆ ನಡೆಯುವುದು ಅದೇ ಬೀದಿಯಲ್ಲಿ, ಅದೇ ಕಲ್ಲಿನ ಮುಂದೆ. ಹೋಗುವ ದಾರಿಗೆ ಅಡ್ಡ ಇರುವುದೂ ಅದೇ ಕಲ್ಲು.

ಸುದ್ದಿ ತಿಳಿದು ಮೊದಲು ಬಂದವರು ಕಾನೂನು ಮಾವ. ಕಲ್ಲನ್ನು ಕೋಲಿನಿಂದ ತಟ್ಟಿ ನೋಡಿ, ತಲೆದೂಗಿದರು.

“ಮುಟ್ಟಬೇಡ. ಇದು ಸರಕಾರಿ ಆಸ್ತಿ.”

“ನನ್ನ ಬಾಗಿಲು ಮಾವ?”

“ಬಾಗಿಲು ನಿಂದೇ. ಬಾಗಿಲ ಮುಂದಿನ ಗಾಳಿ ಸರಕಾರದ್ದು. ಇನ್ನೊಂದು ಕೇಳು, ಇವತ್ತು ಸಂಜೆ ಎಲೆಕ್ಷನ್ ದಿನಾಂಕ ಘೋಷಣೆ ಆಗತ್ತಂತೆ. ಆಯ್ತು ಅಂದ ಕೂಡಲೇ ನೀತಿ ಸಂಹಿತೆ. ಹೊಸದಾಗಿ ಏನೂ ಇಡೋ ಹಾಗಿಲ್ಲ, ಇಟ್ಟದ್ದನ್ನ ಅಲುಗಾಡಿಸೋ ಹಾಗಿಲ್ಲ. ಫಲಿತಾಂಶ ಬರೋವರೆಗೂ ಹೀಗೇ.”

“ಫಲಿತಾಂಶ ಬಂದ ಮೇಲೆ?”

“ಗೆದ್ದೋರು ಕಲ್ಲಿನ ಕಡೆ ನೋಡಲ್ಲ. ಸೋತೋರಿಗೆ ಅಧಿಕಾರ ಇರಲ್ಲ. ಎರಡೂ ನಿಯಮದ ಪ್ರಕಾರನೇ.”

ಅಷ್ಟರಲ್ಲಿ ಎದುರುಮನೆಯ ಟೈಲರಕ್ಕ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ಬೇರೆಯವರ ಕಷ್ಟ ಕಂಡರೆ ಅವಳ ಕೈ ಟೇಪಿಗೆ ಹೋಗುತ್ತಿತ್ತು. ಸಂದಿನಲ್ಲಿ ತೂರಿ ಒಳಗೆ ಹೋಗಿ ಪೋಡಿಯಮ್ಮನ್ನು ಅಳೆದಳು, ಬಾಗಿಲನ್ನು ಅಳೆದಳು, ಸಂದನ್ನು ಅಳೆದಳು, ಮತ್ತೆ ಯಾವುದಕ್ಕೂ ಇರಲಿ ಎಂದು ಬಡಗಿಯನ್ನೂ ಅಳೆದಳು.

“ಸೊಂಟದಲ್ಲಿ ಹಿಡಿಯತ್ತೆ ತಮ್ಮಾ. ಓರೆ ಮಾಡಿ ತಿರುಗಿಸಿದ್ರೆ ಹೋಗತ್ತೆ. ನನ್ನ ಅಳತೆ ಯಾವತ್ತಾದ್ರೂ ತಪ್ಪಿದ್ಯಾ?”

“ಹೋದ ತಿಂಗಳು ನನ್ನ ರವಿಕೆ?” ಎಂದಳು ಬಡಗಿಯ ಹೆಂಡತಿ.

“ಅದು ನೀನು ದಪ್ಪ ಆಗಿದ್ದು. ಪೋಡಿಯಂ ದಪ್ಪ ಆಗಲ್ಲ.”

ಓರೆ ಮಾಡಿದರು. ಹೊರಗಿನಿಂದ ಟೈಲರಕ್ಕ ಮತ್ತು ಹೆಂಡತಿ ಎಳೆದರು, ಒಳಗಿನಿಂದ ಬಡಗಿ ತಳ್ಳಿದ, ಕಾನೂನು ಮಾವ ತಮ್ಮ ರಸ್ತೆಯ ಕಲ್ಲಿನ ಮೇಲೆ ಕೂತು “ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ನನ್ನ ಎಡ ಅಲ್ಲ” ಎಂದು ನಿರ್ದೇಶನ ಕೊಟ್ಟರು. ಪೋಡಿಯಂ ಅರ್ಧ ಹೊಸ್ತಿಲು ದಾಟಿತು. ಆಮೇಲೆ ಗಂಟಲಲ್ಲಿ ಸಿಕ್ಕ ತುತ್ತಿನ ಹಾಗೆ ನಿಂತಿತು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಇದ್ದ ಸಂದೂ ಮುಚ್ಚಿಹೋಗಿ ಬಡಗಿ ಒಳಗೆ, ಹೆಂಡತಿ ಹೊರಗೆ ಉಳಿದರು.

“ಹೊಲಿಗೆ ಬಿಚ್ಚಬೇಕು,” ಎಂದು ಟೈಲರಕ್ಕ ತೀರ್ಪು ಕೊಟ್ಟು, ಕಡಲೆಕಾಯಿ ತರಲು ಮನೆಗೆ ಹೋದಳು. ನೋಡಲು ಇನ್ನೂ ಬಹಳ ಇದೆ ಎಂದು ಅವಳಿಗೆ ಗೊತ್ತಾಗಿತ್ತು.

ಒಳಗೆ ಬಡಗಿ ತೂಕ ಕಡಿಮೆಯಾಗಲೆಂದು ಪೋಡಿಯಮ್ಮಿನ ಹಿಂದಿನ ಮೆಟ್ಟಿಲಿನ ಸ್ಕ್ರೂಗಳನ್ನು ಬಿಚ್ಚಿದ. ಮೆಟ್ಟಿಲು ಅವನ ಕೈಗೆ ಬಂತು. ಪೋಡಿಯಂ ಮಾತ್ರ ಜಗ್ಗಲಿಲ್ಲ.

ಬೀದಿಗೆ ಕುರ್ಚಿಗಳು ಬಂದವು, ಮೈಕು ಬಂತು, ಕೊನೆಗೆ ಬಲಗೈ ಬಂದ. ಬಾಗಿಲಲ್ಲಿ ಸಿಕ್ಕಿಕೊಂಡ ಪೋಡಿಯಂ ನೋಡಿ ಅವನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು.

“ಏನಿದು ಮೇಸ್ತ್ರಿ?”

“ನಿಮ್ಮ ಪೋಡಿಯಂ. ನಿಮ್ಮ ಕಲ್ಲಿಗೆ ಸಿಕ್ಕಾಕೊಂಡಿದೆ,” ಎಂದಿತು ಒಳಗಿನಿಂದ ಬಡಗಿಯ ಧ್ವನಿ.

“ಕೊಯ್ದು ಎರಡು ಮಾಡು. ಆಚೆ ತಂದು ಜೋಡಿಸು.”

ಬಡಗಿ ತಾನು ವಾರವೆಲ್ಲ ಉಜ್ಜಿದ ಮರದ ಮೇಲೆ ಕೈ ಆಡಿಸಿದ. ಗರಗಸದ ಕಡೆ ನೋಡಿದ. ಮರ ಕೊಯ್ಯಬಹುದಿತ್ತು. ಆದರೆ ಪೋಡಿಯಂ ಆಚೆ ಹೋದ ಮೇಲೆ ಅವನ ಬಾಗಿಲು ಯಾರಿಗೆ ಬೇಕು? ಈಗ ಅದು ಅವನೊಬ್ಬನ ಬಾಗಿಲಲ್ಲ, ಶಾಸಕರ ಭಾಷಣವೂ ಅದರಲ್ಲೇ ಸಿಕ್ಕಿಕೊಂಡಿದೆ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಕ್ಷಮಿಸಿ ಎನ್ನುವ ಮನಸ್ಸು ಬರಲಿಲ್ಲ.

“ಕೊಯ್ಯಲ್ಲ,” ಎಂದ.

“ಏನಂದೆ?”

“ಕೊಯ್ಯಲ್ಲ ಅಂದೆ. ಕಲ್ಲು ಒಡೀರಿ. ಪೋಡಿಯಂ ತಾನಾಗೇ ಬರತ್ತೆ.”

“ಅಡಿಗಲ್ಲು ಒಡೆಯೋದಾ? ಅಣ್ಣ ಇನ್ನೂ ಬಟ್ಟೆ ಕೂಡ ಎಳೆದಿಲ್ಲ. ತಲೆ ಕೆಟ್ಟಿದ್ಯಾ ನಿಂಗೆ?”

“ಇಷ್ಟು ದಿನ ಸರಿಯಿರಲಿಲ್ಲ. ಈಗ ನೆಟ್ಟಗಾಯ್ತು.”

ಕುರ್ಚಿ ಹಾಕುತ್ತಿದ್ದವರು ತಿರುಗಿ ನೋಡಿದರು. ಕುಂಟ ನಾಯಿ ಕೂಡ ತನ್ನ ಕಲ್ಲಿನಿಂದ ತಲೆ ಎತ್ತಿತು. ಹೊರಗಿದ್ದ ಹೆಂಡತಿ ಬಲಗೈಯ ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅವರು ಹೇಳಿದ್ದು ಕೇಳಿಸ್ತಲ್ಲ? ಕೇಳಿಸದೇ ಇದ್ರೆ ನಾನು ಹೇಳ್ತೀನಿ. ನನ್ನ ಗಂಟಲು ದೊಡ್ಡದು, ನಿಮ್ಮ ಮೈಕೇನೂ ಬೇಡ.”

ಬಲಗೈ ಬೆದರಿಸಿದ. ಆಮೇಲೆ ಪುಸಲಾಯಿಸಿದ. ವಿದ್ಯಾರ್ಥಿನಿಲಯದ ಮಂಚ ಕೈತಪ್ಪುವಂತೆ ಮಾಡುತ್ತೇನೆ ಎಂದ; ಮರುಕ್ಷಣವೇ ಎಲ್ಲ ವಿದ್ಯಾರ್ಥಿನಿಲಯಗಳ ಮಂಚವನ್ನೂ ಕೊಡಿಸುತ್ತೇನೆ ಎಂದ. ಬಡಗಿ ಎರಡಕ್ಕೂ ಒಂದೇ ಉತ್ತರ ಕೊಟ್ಟ. “ಯಾವ ಮಂಚ ಆದ್ರೂ ಬಾಗಿಲಿಂದಾನೇ ಹೋಗ್ಬೇಕು ಸ್ವಾಮಿ.”

ಅಷ್ಟರಲ್ಲಿ ಶಾಸಕರ ಕಾರು ಬಂತು. ಅವರು ಇಳಿದು, ಎಂದಿನ ಅಭ್ಯಾಸದಂತೆ ಎತ್ತರದ ಜನರಿಂದ ಸ್ವಲ್ಪ ದೂರ ನಿಂತು ನಕ್ಕರು. ಸಂಗತಿ ಕೇಳಿ ನಗು ನಿಲ್ಲಿಸದೆ ಬಾಗಿಲ ಬಳಿಗೆ ಬಂದರು. ಅವರ ತಲೆ ಪೋಡಿಯಮ್ಮಿನ ಅಂಚಿನ ಕೆಳಗೇ ಉಳಿಯಿತು.

“ಏನಪ್ಪಾ ಮೇಸ್ತ್ರಿ, ನಾನು ನಿನ್ನ ಅಣ್ಣನ ಹಾಗಲ್ವಾ? ಇಷ್ಟು ವರ್ಷದಲ್ಲಿ ನಿನಗೆ ಏನು ಕಮ್ಮಿ ಮಾಡಿದೀನಿ?”

“ಕಲ್ಲು ಕಮ್ಮಿ ಮಾಡಿಲ್ಲ ಅಣ್ಣಾ.”

ಯಾರೋ ಹಿಂದೆ ಕಿಸಕ್ಕೆಂದರು. ಶಾಸಕರು ಧ್ವನಿ ತಗ್ಗಿಸಿದರು. “ಸಂಜೆಯೊಳಗೆ ಈ ಕಾರ್ಯಕ್ರಮ ಮುಗೀಬೇಕು. ಹಟ ಮಾಡಬೇಡ. ಪೋಡಿಯಂ ಕೊಡು.”

ಬಡಗಿ ಕೆಳಗೆ ಕೂತ. ಪೋಡಿಯಮ್ಮಿಗೂ ಚೌಕಟ್ಟಿಗೂ ನಡುವೆ ಒಂದು ಸೀಳು ಇತ್ತು. ಅದಕ್ಕೆ ಬಾಯಿಟ್ಟು, ಶಾಸಕರೊಬ್ಬರಿಗೇ ಕೇಳುವ ಹಾಗೆ ಹೇಳಿದ. “ಅಣ್ಣಾ, ಕಲ್ಲು ಒಡೀದೇ ಇದ್ರೆ ಪೋಡಿಯಮ್ಮನ್ನ ನಾನೇ ಬಿಚ್ಚಿ, ಒಂದೊಂದೇ ತುಂಡು ಕಿಟಕಿಯಿಂದ ಆಚೆ ಕೊಡ್ತೀನಿ. ಮೊದಲು ಮೆಟ್ಟಿಲು ಕೊಡ್ತೀನಿ. ಇದು ಯಾತಕ್ಕೆ ಅಂತ ಜನ ಕೇಳ್ತಾರೆ. ನಾನು ಸುಳ್ಳು ಹೇಳೋನಲ್ಲ.”

ಶಾಸಕರ ನಗು ಮೊದಲ ಸಲ ಕೆಳಗಿಳಿಯಿತು. ಚುನಾವಣೆಯಲ್ಲಿ ಸೋತಾಗಲೂ ಅದು ಅಷ್ಟು ಇಳಿದಿರಲಿಲ್ಲ. ಜನರ ಕಡೆ ತಿರುಗಿ, ಗಂಭೀರವಾಗಿ ಹೇಳಿದರು. “ಒಬ್ಬ ಬಡಗಿಯ ಬಾಗಿಲಿಗಿಂತ ನನ್ನ ಕಲ್ಲು ದೊಡ್ಡದಲ್ಲ. ಒಡೀರಿ.”

ಚಪ್ಪಾಳೆ ಬಿತ್ತು. ರಾತ್ರಿ ಕಲ್ಲು ಕಟ್ಟಿದವರೇ ಸುತ್ತಿಗೆ ಹಿಡಿದು ಬಂದರು. ಹಸಿ ಸಿಮೆಂಟು ಮೊಸರಿನಂತೆ ಒಡೆಯಿತು, ಕಲ್ಲು ಎರಡು ತುಂಡಾಗಿ ಬಿತ್ತು, ಪೋಡಿಯಂ ಒಮ್ಮೆ ನರಳಿ ಬೀದಿಗೆ ಜಾರಿತು. ಬಡಗಿಯ ಮನೆಯೊಳಕ್ಕೆ ಬಿಸಿಲು ಬಂತು. ಬೀದಿಯವರು ಅವನ ಹೆಸರು ಹಿಡಿದು ಕೂಗಿದರು. ಟೈಲರಕ್ಕ ಕಡಲೆಕಾಯಿ ಹಂಚಿದಳು. “ನಮ್ಮ ಬೀದಿಗೂ ಒಬ್ಬ ಗಂಡಸು ಇದಾನೆ ಅಂತ ಇವತ್ತು ಗೊತ್ತಾಯ್ತು,” ಎಂದಳು. ಕಾನೂನು ಮಾವ ಇದಕ್ಕೆ ಯಾವ ನಿಯಮವೂ ನೆನಪಾಗದೆ ಕಡಲೆಕಾಯಿ ಸುಲಿದು ತಿಂದರು.

ಬಡಗಿ ಬೀಗಲಿಲ್ಲ. ಮೆಟ್ಟಿಲು ಇನ್ನೂ ಅವನ ಕಂಕುಳಲ್ಲೇ ಇತ್ತು. ಹೆಂಡತಿ ಅವನ ಕಿವಿಗೆ ಬಾಯಿ ಹತ್ತಿರ ತಂದಳು. “ಅದನ್ನ ಕೊಡಬೇಡಿ. ಉಳಿದ ನಾಲ್ಕು ಕಲ್ಲನ್ನೂ ತೆಗೆಸ್ತೀನಿ ಅಂತ ಮೈಕಲ್ಲಿ ಹೇಳಲಿ. ಆಮೇಲೆ ಕೊಟ್ಟರಾಯ್ತು.”

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಮೆಟ್ಟಿಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಲಗೈ ಕಿಟಕಿಯ ಬಳಿ ಓಡಿ ಬಂದ.

“ಮೇಸ್ತ್ರಿ, ಅದು. ಅದು ಎಲ್ಲಿ?”

“ಇಲ್ಲೇ ಇದೆ. ಎಲ್ಲಾ ಕಲ್ಲೂ ತೆಗೆಸ್ತೀನಿ ಅಂತ ಮೊದಲು ಅಣ್ಣನ ಬಾಯಲ್ಲಿ ಬರಲಿ.”

“ಅಣ್ಣ ಮಾತು ಶುರುಮಾಡೋಕೇ ಅದು ಬೇಕಲ್ಲಪ್ಪಾ.”

“ಹಾಗಾದ್ರೆ ಬೇಗ ಶುರುಮಾಡಲಿ.”

ಕಿಟಕಿಯ ಮರದ ಸರಳುಗಳ ನಡುವೆ ಬಡಗಿ ಎಲ್ಲ ನೋಡುತ್ತಿದ್ದ. ಪೋಡಿಯಂ ನಡುಬೀದಿಯಲ್ಲಿ ನಿಂತಿತ್ತು. ಶಾಸಕರು ಅದರ ಹಿಂದೆ ಹೋದರು, ಕಾಣೆಯಾದರು. ಮೈಕಿನಿಂದ “ಬಂಧುಗಳೇ” ಎಂದು ಕೇಳಿತು. ಯಾರು ಅಂದರೆಂದು ಜನ ಅತ್ತಿತ್ತ ನೋಡಿದರು. ಮುಂದಿನ ಸಾಲಿನ ಒಂದು ಮಗು “ಪೆಟ್ಟಿಗೆ ಮಾತಾಡ್ತಿದೆ” ಎಂದಿತು. ಬಡಗಿಗೆ ಎದೆ ತುಂಬಿ ಬಂತು. ಇಪ್ಪತ್ತು ವರ್ಷದ ರಾಜಕೀಯ ತನ್ನ ತೊಡೆಯ ಮೇಲಿದೆ ಎಂದುಕೊಂಡ.

ಆದರೆ ಸೈಕಲ್ಲಿನಿಂದ ಶುರುಮಾಡಿ ಪಕ್ಷದಿಂದ ಪಕ್ಷಕ್ಕೆ ಕಾಲು ಊರಿ ಮೇಲೆ ಬಂದ ಮನುಷ್ಯನಿಗೆ, ನಿಲ್ಲಲು ಏನಾದರೂ ಹುಡುಕಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಪೋಡಿಯಮ್ಮಿನ ಹಿಂದಿನಿಂದ ಒಂದು ಕೈ ಮೇಲೆದ್ದು ಬಲಗೈಯನ್ನು ಕರೆಯಿತು. ಬಲಗೈ ತಾನು ಬಂದ ಜೀಪಿಗೆ ಓಡಿದ. ಚುನಾವಣೆ ಹತ್ತಿರ ಬಂದಾಗ ಆ ಜೀಪಿನಲ್ಲಿ ಯಾವಾಗಲೂ ಒಂದು ಹೆಚ್ಚುವರಿ ಕಲ್ಲು ಇರುತ್ತಿತ್ತು. ಶಾಸಕರ ಹೆಸರು, ಅಮೃತಹಸ್ತ, ಶಂಕುಸ್ಥಾಪನೆ ಎಲ್ಲ ಮೊದಲೇ ಕೆತ್ತಿರುತ್ತಿತ್ತು. ಯಾವ ಕೆಲಸಕ್ಕೆ ಎಂಬ ಜಾಗ ಮಾತ್ರ ಖಾಲಿ. ಎಲ್ಲಿ ಏನು ಹೊಳೆಯುತ್ತದೋ ಅದನ್ನು ಅಲ್ಲೇ ಬಣ್ಣದಲ್ಲಿ ಬರೆಯಲು ಒಬ್ಬ ಪೇಂಟರು ಜೊತೆಯಲ್ಲೇ ಬರುತ್ತಿದ್ದ.

ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಂದು ಪೋಡಿಯಮ್ಮಿನ ಹಿಂದೆ ಮಲಗಿಸಿದರು. ಶಾಸಕರು ಅದರ ಮೇಲೆ ಹತ್ತಿದರು. ಬೆಳಗಿನ ಸೂರ್ಯನ ಹಾಗೆ ಮೊದಲು ತಲೆ, ಆಮೇಲೆ ನಗು, ಆಮೇಲೆ ಭುಜ ಕಾಣಿಸಿಕೊಂಡವು. ಅವರು ಇಟ್ಟ ಕಲ್ಲುಗಳಲ್ಲಿ ಇಟ್ಟ ಕ್ಷಣವೇ ಉಪಯೋಗಕ್ಕೆ ಬಂದದ್ದು ಅದೊಂದೇ.

“ಬಂಧುಗಳೇ, ನನ್ನ ರಾಜಕೀಯ ಜೀವನದಲ್ಲಿ ನಾನು ಕಲ್ಲು ಇಟ್ಟಿದ್ದೇನೆ. ಕಲ್ಲು ತೆಗೆಯುವ ಧೈರ್ಯ ನನಗೆ ಇರಲಿಲ್ಲ. ಇವತ್ತು ನನ್ನ ತಮ್ಮನಂಥ ಒಬ್ಬ ಬಡಗಿ ನನ್ನ ಕಣ್ಣು ತೆರೆಸಿದ. ಇಗೋ ಮಾತು ಕೊಡುತ್ತೇನೆ. ಈ ಬೀದಿಯ ನಾಲ್ಕು ಕಲ್ಲುಗಳನ್ನೂ ತೆಗೆಸುತ್ತೇನೆ.”

ಬಡಗಿ ಎದ್ದು ನಿಂತ. ಹೊರಗೆ ಹೆಂಡತಿ ಕಿಟಕಿಯ ಕಡೆ ತಿರುಗಿ ನಕ್ಕಳು. ಮಾತು ಮಾತೇ, ಇನ್ನು ಮೆಟ್ಟಿಲು ಕೊಟ್ಟುಬಿಡೋಣ ಎಂದು ಅವನು ಚಿಲಕಕ್ಕೆ ಕೈ ಹಾಕಿದ.

“ನಾಳೆ ಎನ್ನುವುದಿಲ್ಲ. ನಾನು ಮಾತಿನ ಮನುಷ್ಯನಲ್ಲ, ಕೆಲಸದ ಮನುಷ್ಯ. ಕಲ್ಲು ತೆಗೆಸುವ ಈ ಮಹತ್ಕಾರ್ಯಕ್ಕೆ ಈಗಲೇ, ಇದೇ ಜಾಗದಲ್ಲಿ, ನನ್ನ ಕೈಯಾರೆ ಶಂಕುಸ್ಥಾಪನೆ ಮಾಡುತ್ತೇನೆ.”

ಬಡಗಿ ಬಾಗಿಲು ತೆಗೆಯುವಷ್ಟರಲ್ಲಿ ಇಟ್ಟಿಗೆ ಬಂದಿತ್ತು. “ಅಣ್ಣಾ, ಬೇಡ,” ಎಂದ. ಅವನ ಧ್ವನಿ ಚಪ್ಪಾಳೆಯಲ್ಲಿ ಮುಳುಗಿತು. ಬೆಳಿಗ್ಗೆಯ ಕಲ್ಲು ಆತುರದಲ್ಲಿ ಕಟ್ಟಿ ಹಸಿಯಾಗಿದ್ದರಿಂದಲೇ ಒಡೆಯಿತು ಎಂದು ಪಾಠ ಕಲಿತವರು, ಈ ಸಲ ಬೇಗ ಗಟ್ಟಿಯಾಗುವ ಸಿಮೆಂಟು ತಂದಿದ್ದರು. ಬೀದಿಯ ನಡುವೆ ಪೋಡಿಯಂ ಇದ್ದುದರಿಂದ, ಶಾಸಕರು ಹತ್ತಿ ನಿಂತಿದ್ದ ಕಲ್ಲನ್ನೇ ಹಿಂದಕ್ಕೆ ತಂದು, ಇಟ್ಟಿಗೆ ಕಟ್ಟಿ ಹೊಸ್ತಿಲಿಗೇ ಒತ್ತಿ ನಿಲ್ಲಿಸಿದರು. ಬೆಳಿಗ್ಗೆ ಇದ್ದ ಸಂದೂ ಇಲ್ಲವಾಯಿತು. ಹೆಂಡತಿ ಕೊನೆಯ ಗಳಿಗೆಯಲ್ಲಿ ಇಟ್ಟಿಗೆಯ ಸಾಲು ಹಾರಿ ಒಳಗೆ ಬಂದಳು. ಪೇಂಟರು ಖಾಲಿ ಜಾಗದಲ್ಲಿ ಬರೆದ: ‘ಕಲ್ಲು ತೆಗೆಯುವ ಕಾಮಗಾರಿ. ಬಡಗಿಯವರ ಕೋರಿಕೆಯ ಮೇರೆಗೆ.’

ಸಂಜೆಯ ಹೊತ್ತಿಗೆ ಶಾಸಕರ ಕಾರು ಬೀದಿಯ ತುದಿ ದಾಟಿತು. ಹಿಂದೆಯೇ ಇನ್ನೊಂದು ತುದಿಯಿಂದ ಧ್ವನಿವರ್ಧಕ ಕಟ್ಟಿದ ಸರಕಾರಿ ಗಾಡಿ ಬಂತು. ಚುನಾವಣೆ ಘೋಷಣೆಯಾಗಿದೆ, ನೀತಿ ಸಂಹಿತೆ ಜಾರಿಯಲ್ಲಿದೆ ಎಂದು ಸಾರಿತು. ಗಾಡಿಯಿಂದ ಇಳಿದ ಇಬ್ಬರು ಐದೂ ಕಲ್ಲುಗಳ ಮುಖಕ್ಕೆ ಬಿಳಿ ಬಟ್ಟೆ ಹೊದಿಸಿ ಹಗ್ಗ ಬಿಗಿದರು.

ಕಾನೂನು ಮಾವ ಕಿಟಕಿಯ ಬಳಿಗೆ ಬಂದರು. ಅವರ ಮುಖದಲ್ಲಿ ಮರುಕ ಇತ್ತು, ಜೊತೆಗೆ ತಮ್ಮ ನಿಯಮ ಗೆದ್ದ ಸಮಾಧಾನವೂ ಇತ್ತು. “ಈಗ ಮುಟ್ಟೋ ಹಾಗಿಲ್ಲ ಕಣಯ್ಯ.”

“ಬೆಳಿಗ್ಗೆನೇ ಹೇಳಿದ್ರಲ್ಲ ಮಾವ.”

“ನಿನ್ನ ಹೆಸರಲ್ಲೂ ಬೀದಿಗೆ ಒಂದು ಕಲ್ಲು ಬಂತು,” ಎಂದಳು ಟೈಲರಕ್ಕ, ಮಧ್ಯಾಹ್ನ ತಾನೇ ಹೊಗಳಿದ ಗಂಡಸನ್ನು ಆಗಲೇ ಮರೆತು.

ಬಡಗಿ ಕಿಟಕಿಯ ಮರದ ಸರಳುಗಳನ್ನು ಒಂದೊಂದಾಗಿ ಕಿತ್ತ. ಅವು ಅವನೇ ಕೂರಿಸಿದ್ದವು, ಅವನ ಮಾತು ಕೇಳಿದವು. ಕಿಟಕಿ ಎತ್ತರದಲ್ಲಿತ್ತು, ಹಲಗೆ ತೂರುವಷ್ಟು ಜಾಗವಿತ್ತು, ಮಂಚ ತೂರುವಷ್ಟು ಇರಲಿಲ್ಲ. ಹೆಂಡತಿ ಅಳುತ್ತಾಳೇನೋ ಎಂದು ಹೆದರಿ ತಿರುಗಿ ನೋಡಿದ. ಅವಳು ಮೂಲೆಯಿಂದ ಆ ಮೆಟ್ಟಿಲನ್ನು ಎಳೆದು ತಂದು ಕಿಟಕಿಯ ಕೆಳಗೆ ಇಡುತ್ತಿದ್ದಳು. ಇಟ್ಟು, ಹತ್ತಿ ನೋಡಿ, “ಸರಿಯಾಗಿದೆ,” ಎಂದಳು. “ಮೊಳೆ ಹೊಡೀರಿ.”

ಅವನು ಮೊಳೆ ಹೊಡೆಯುತ್ತಿರುವಾಗ ಕಿಟಕಿಯಲ್ಲಿ ಬಲಗೈಯ ತಲೆ ಕಾಣಿಸಿತು. ಅವನು ಏದುಸಿರು ಬಿಡುತ್ತಿದ್ದ.

“ಮೇಸ್ತ್ರಿ, ಆದದ್ದು ಆಯ್ತು. ಆ ಮೆಟ್ಟಿಲು ಕೊಡಪ್ಪ. ನಾಳೆಯಿಂದ ಪ್ರಚಾರ. ಊರೂರಿಗೆ ಕಲ್ಲು ಹೊತ್ಕೊಂಡು ಹೋಗೋಕಾಗತ್ತಾ? ನೋಡಿದೋರು ಏನಂದಾರು?”

ಬಡಗಿ ಕೊನೆಯ ಮೊಳೆಯನ್ನು ತಲೆಯವರೆಗೂ ಇಳಿಸಿ, ಸುತ್ತಿಗೆ ಕೆಳಗಿಟ್ಟ.

“ನೀತಿ ಸಂಹಿತೆ ಬಂದಿದೆ ಸ್ವಾಮಿ,” ಎಂದ. “ಇಟ್ಟದ್ದನ್ನ ಫಲಿತಾಂಶ ಬರೋವರೆಗೂ ಅಲುಗಾಡಿಸೋ ಹಾಗಿಲ್ಲ.”

ಆಮೇಲೆ ಮೆಟ್ಟಿಲು ಹತ್ತಿ, ಕಿಟಕಿಯಿಂದ ಒಂದು ಕಾಲು ಆಚೆ ಹಾಕಿ, ಬಲಗೈಗೆ ದಾರಿ ಬಿಡಲು ಹೇಳಿದ. ಓಟು ಹಾಕುವ ದಿನ ಇಳಿಯುವುದಕ್ಕೆ ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಬೇಕಿತ್ತು.